ಷರತ್ತು ಸರಿ ಇದೆ, ಉತ್ತರ ತಪ್ಪು: ಟರ್ನರಿ ಎಕ್ಸ್‌ಪ್ರೆಶನ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಷರತ್ತನ್ನು ಓದಿದರೆ ಸರಿಯಾಗೇ ಕಾಣುತ್ತದೆ. ಬರುವ ಉತ್ತರ ಮಾತ್ರ ಬೇರೆ. ಷರತ್ತು ನಿಜವೋ ಸುಳ್ಳೋ ನೋಡಿ ಎರಡು ಉತ್ತರಗಳಲ್ಲಿ ಒಂದನ್ನು ಆರಿಸುವ, ಪ್ರಶ್ನೆ ಚಿಹ್ನೆ ಮತ್ತು ಕೋಲನ್ ಹಾಕಿ ಬರೆಯುವ ಟರ್ನರಿ ಆಪರೇಟರ್ (ಷರತ್ತು ? ಒಂದು : ಎರಡು) ಇರಲಿ, ಸ್ಪ್ರೆಡ್‌ಶೀಟ್‌ನ ಇಫ್ ಇರಲಿ, ಎಸ್‌ಕ್ಯೂಎಲ್‌ನ ಕೇಸ್ ಇರಲಿ, ಟೆಂಪ್ಲೇಟ್ ಫೈಲಿನೊಳಗೆ ಒಂದೇ ಸಾಲಿನಲ್ಲಿ ತುರುಕಿದ ಷರತ್ತು ಇರಲಿ, ಇವು ಕೆಡುವ ರೀತಿ ಹೆಚ್ಚುಕಡಿಮೆ ಒಂದೇ. ತಪ್ಪು ಬಹಳ ಸಲ ಎರಡು ಜಾಗದಲ್ಲಿ ಸಿಗುತ್ತದೆ. ಒಂದು, ಷರತ್ತಿಗೆ ಬಂದು ಸೇರಿದ ವ್ಯಾಲ್ಯೂ ನೀವು ಅಂದುಕೊಂಡದ್ದಲ್ಲ. ಇನ್ನೊಂದು, ಆ ಸಾಲನ್ನು ನೀವು ಓದಿದ ಹಾಗೆ ಭಾಷೆ ಓದಿಲ್ಲ. ಈ ಎರಡನ್ನು ನೋಡದೆ ಸುಮ್ನೆ ಚಿಹ್ನೆಗಳನ್ನು ಅದಲು ಬದಲು ಮಾಡುತ್ತಾ ಕೂತರೆ ಸಮಯ ಹೋಗುತ್ತದೆ, ಜೊತೆಗೆ ಸರಿ ಇದ್ದದ್ದೂ ಕೆಡುತ್ತದೆ.

ಉದಾಹರಣೆಗಳಲ್ಲಿ ವೇರಿಯಬಲ್ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಟ್ರೂ (ನಿಜ), ಫಾಲ್ಸ್ (ಸುಳ್ಳು), ನಲ್ (ವ್ಯಾಲ್ಯೂ ಇಲ್ಲ), ಇಫ್ ಇಂಥ ಪದಗಳನ್ನು ನಿಮ್ಮ ಭಾಷೆಯಲ್ಲಿ ಹೇಗೆ ಟೈಪ್ ಮಾಡಬೇಕೋ ಹಾಗೆ ಮಾಡಿಕೊಳ್ಳಿ.

## ಮುಟ್ಟುವ ಮೊದಲು

ಈಗಿರುವ ಎಕ್ಸ್‌ಪ್ರೆಶನ್ ಅನ್ನು ಹಾಗೇ ಒಂದು ಕಡೆ ಕಾಪಿ ಮಾಡಿಡಿ. ನಿಜವಾದ ಡೇಟಾ ಮೇಲೆ ಪ್ರಯೋಗ ಮಾಡಬೇಡಿ. ಷರತ್ತಿನ ಹಿಂದೆ ಅಳಿಸುವ, ಹಣ ಕಳಿಸುವ ಅಥವಾ ಯಾರಿಗೋ ಮೇಲ್ ಹೋಗುವ ಕೆಲಸ ಇದ್ದರೆ ಅದನ್ನು ತೆಗೆದು, ಆ ಜಾಗದಲ್ಲಿ ಬರೀ "ಒಂದು" ಮತ್ತು "ಎರಡು" ಅನ್ನುವ ಪದ ಹಾಕಿ ಪರೀಕ್ಷೆ ಮಾಡಿ. ಸರ್ವರ್ ಮುಂತಾದವನ್ನು ಕೋಡ್ ಬರೆದು ನಿಭಾಯಿಸುವ ಟೆರಾಫಾರ್ಮ್ ಬಳಸುವವರು ಇಲ್ಲಿ ತುಂಬಾ ಹುಷಾರಾಗಿರಬೇಕು. ಅಲ್ಲಿ ಎಷ್ಟು ಪ್ರತಿ ಬೇಕೆಂದು ಹೇಳುವ ಕೌಂಟ್‌ಗೆ ಷರತ್ತು ? 1 : 0 ಅಂತ ಬರೆಯುವುದು ರೂಢಿ. ಈಗಾಗಲೇ ಓಡುತ್ತಿರುವ ಸರ್ವರ್‌ಗೋ ಡೇಟಾಬೇಸ್‌ಗೋ ಆ ಷರತ್ತು ಇದ್ದಕ್ಕಿದ್ದಂತೆ ಸುಳ್ಳಾದರೆ ಕೌಂಟ್ 0 ಆಗುತ್ತದೆ, ಅಂದರೆ ಅದನ್ನು ತೆಗೆದುಹಾಕು ಎಂದು ಹೇಳಿದ ಹಾಗೆ. ಏನೇನು ಬದಲಾಗುತ್ತದೆ ಎಂದು ತೋರಿಸುವ ಪ್ಲಾನ್ ಓದದೆ ಅಪ್ಲೈ ಮಾಡಲೇಬೇಡಿ.

## ಬರೆದ ಕೂಡಲೇ ಎರರ್, ಸಾಲು ಓಡುವುದೇ ಇಲ್ಲ

ಇದು ಸುಲಭದ ಕೇಸ್. ಮೊದಲು ಎಣಿಸಿ: ಎಷ್ಟು ? ಇವೆಯೋ ಅಷ್ಟೇ : ಇರಬೇಕು. ಆಮೇಲೆ ಬ್ರಾಕೆಟ್‌ಗಳ ಜೋಡಿ. ಆಮೇಲೆ ಉದ್ಧರಣ ಚಿಹ್ನೆ. ಚಾಟ್‌ನಿಂದಲೋ ಡಾಕ್ಯುಮೆಂಟ್‌ನಿಂದಲೋ ಕಾಪಿ ಮಾಡಿದ ಸಾಲಿನಲ್ಲಿ ನೇರ " ಬದಲು ಬಾಗಿದ “ ” ಬಂದು ಕೂತಿರುತ್ತದೆ. ಕಣ್ಣಿಗೆ ಅಷ್ಟು ಬೇಗ ಹೊಳೆಯುವುದಿಲ್ಲ, ಆದರೆ ಹೆಚ್ಚಿನ ಭಾಷೆಗಳು ಅದನ್ನು ಒಪ್ಪುವುದಿಲ್ಲ. ಅನುಮಾನ ಬಂದರೆ ಆ ಚಿಹ್ನೆ ಅಳಿಸಿ ಕೈಯಲ್ಲೇ ಮತ್ತೆ ಟೈಪ್ ಮಾಡಿ. ಅರ್ಧ ನಿಮಿಷದ ಕೆಲಸ.

ಅದೂ ಸರಿ ಇದ್ದರೆ, ನಿಮ್ಮ ಭಾಷೆಯಲ್ಲಿ ಈ ಆಪರೇಟರ್ ಇದೆಯೇ ನೋಡಿ. ಸಿ, ಜಾವಾ, ಜಾವಾಸ್ಕ್ರಿಪ್ಟ್, ಸಿ ಶಾರ್ಪ್, ಪಿಎಚ್‌ಪಿ, ರೂಬಿ, ಸ್ವಿಫ್ಟ್ ಇವುಗಳಲ್ಲಿ ಇದೆ. ಗೋ ಭಾಷೆಯಲ್ಲಿ ಇಲ್ಲ. ಕಾಟ್ಲಿನ್ ಮತ್ತು ರಸ್ಟ್‌ನಲ್ಲೂ ಇಲ್ಲ, ಅಲ್ಲಿ ಇಫ್ ಎಲ್ಸ್ ತಾನೇ ವ್ಯಾಲ್ಯೂ ಕೊಡುತ್ತದೆ. ಪೈಥಾನ್ ಮತ್ತು ಜಿಂಜಾ ಟೆಂಪ್ಲೇಟ್‌ನಲ್ಲಿ ಕ್ರಮವೇ ಬೇರೆ: ಮೊದಲು ಉತ್ತರ, ನಡುವೆ ಷರತ್ತು, ಕೊನೆಗೆ ಇನ್ನೊಂದು ಉತ್ತರ.

ಎಕ್ಸ್‌ಪ್ರೆಶನ್ ಬೇರೆ ಫೈಲಿನ ಹೊಟ್ಟೆಯೊಳಗೆ ಇದ್ದಾಗ ಎರರ್ ಕೊಡುವುದು ಎಕ್ಸ್‌ಪ್ರೆಶನ್ ಅಲ್ಲದೇ ಇರಬಹುದು. ಕಾನ್ಫಿಗ್ ಫೈಲುಗಳಲ್ಲಿ ಬಳಸುವ ಯಾಮೆಲ್‌ನಲ್ಲಿ ಕೋಲನ್ ಆದಮೇಲೆ ಒಂದು ಸ್ಪೇಸ್ ಬಂದರೆ ಅದನ್ನು ಕೀ ಮತ್ತು ವ್ಯಾಲ್ಯೂ ನಡುವಿನ ಗಡಿ ಎಂದು ಓದುತ್ತದೆ, ಹಾಗಾಗಿ ನಿಮ್ಮ ಟರ್ನರಿಯ ಕೋಲನ್ ಹತ್ತಿರ ಬಂದು ಅದು ಮುಗ್ಗರಿಸುತ್ತದೆ. ಇಡೀ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಸರಿಹೋಗುತ್ತದೆ. ಎಕ್ಸ್‌ಎಂಎಲ್‌ನಲ್ಲಿ < ಮತ್ತು && ("ಮತ್ತು" ಎಂಬ ಅರ್ಥದ ಚಿಹ್ನೆ) ಎರಡೂ ನೇರವಾಗಿ ಬರೆಯುವಂತಿಲ್ಲ. ಜಾವಾದ ವೆಬ್ ಪುಟಗಳ ಎಕ್ಸ್‌ಪ್ರೆಶನ್ ಲ್ಯಾಂಗ್ವೇಜ್‌ನಲ್ಲಿ ಇವಕ್ಕೆ ಎಲ್‌ಟಿ, ಆಂಡ್ ಎಂಬ ಪದರೂಪಗಳಿವೆ. ಅವನ್ನೇ ಬಳಸಿ, ಓದುವುದಕ್ಕೂ ಚೆನ್ನ.

ಇನ್ನೆರಡು ಸಂಗತಿ. ಜಾವಾಸ್ಕ್ರಿಪ್ಟ್‌ನಲ್ಲಿ ?? (ವ್ಯಾಲ್ಯೂ ಇಲ್ಲದಾಗ ಡಿಫಾಲ್ಟ್ ಕೊಡುವ ಚಿಹ್ನೆ) ಜೊತೆ || ("ಅಥವಾ" ಎಂಬ ಅರ್ಥದ ಚಿಹ್ನೆ) ಇಲ್ಲವೇ && ಬೆರೆಸಿದರೆ ಬ್ರಾಕೆಟ್ ಕಡ್ಡಾಯ, ಇಲ್ಲದಿದ್ದರೆ ಸಿಂಟ್ಯಾಕ್ಸ್ ಎರರ್. ಪಿಎಚ್‌ಪಿ 8ಕ್ಕೆ ಬಂದಮೇಲೆ ಹಳೆಯ ಕೋಡ್ ಒಡೆದಿದ್ದರೆ, ಬ್ರಾಕೆಟ್ ಇಲ್ಲದೆ ಒಂದರೊಳಗೊಂದು ಬರೆದ ಟರ್ನರಿ ಹುಡುಕಿ. ಅದರ ಕಥೆ ಮುಂದೆ ಇದೆ.

## ಏನೇ ಕೊಟ್ಟರೂ ಒಂದೇ ಉತ್ತರ

ಜನ ಜಾಸ್ತಿ ಒದ್ದಾಡುವುದು ಇಲ್ಲೇ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಯಾವಾಗಲೂ ಮೊದಲ ಭಾಗವೇ ಬರುತ್ತದೆ ಅಥವಾ ಯಾವಾಗಲೂ ಎರಡನೆಯದೇ.

ಮಾಡಬೇಕಾದ ಮೊದಲ ಕೆಲಸ: ಷರತ್ತನ್ನು ಟರ್ನರಿಯಿಂದ ಹೊರಗೆ ಎಳೆದು ಒಂಟಿಯಾಗಿ ಪ್ರಿಂಟ್ ಮಾಡಿ. ಟ್ರೂ ಅಥವಾ ಫಾಲ್ಸ್ ಬರಬೇಕು. ಅದರ ಬದಲು ಒಂದು ಪದವೋ, ಸಂಖ್ಯೆಯೋ, ಖಾಲಿಯೋ ಬಂದರೆ ಅಲ್ಲೇ ನಿಮ್ಮ ಉತ್ತರ ಇದೆ. ಭಾಷೆ ಆ ವ್ಯಾಲ್ಯೂವನ್ನು ತನ್ನ ನಿಯಮದ ಪ್ರಕಾರ ನಿಜ ಅಥವಾ ಸುಳ್ಳು ಎಂದು ತೀರ್ಮಾನ ಮಾಡುತ್ತಿದೆ, ಹೋಲಿಕೆ ನಡೆಯುತ್ತಲೇ ಇಲ್ಲ.

ಯಾವಾಗಲೂ ನಿಜವಾಗುತ್ತಿದ್ದರೆ ಈ ರೂಪಗಳನ್ನು ಹುಡುಕಿ:

ಬಣ್ಣ == "ಕೆಂಪು" || "ನೀಲಿ"

ನಾವು ಮಾತಾಡುವಾಗ "ಬಣ್ಣ ಕೆಂಪೋ ನೀಲಿಯೋ ಆಗಿದ್ದರೆ" ಅಂತೀವಿ. ಜಾವಾಸ್ಕ್ರಿಪ್ಟ್‌ನಂಥ ಭಾಷೆ ಇದನ್ನು ಎರಡು ಪ್ರತ್ಯೇಕ ಪ್ರಶ್ನೆ ಎಂದು ಓದುತ್ತದೆ: ಬಣ್ಣ ಕೆಂಪಾ? ಇಲ್ಲದಿದ್ದರೆ "ನೀಲಿ" ಎಂಬ ಸ್ಟ್ರಿಂಗ್ (ಅಂದರೆ ಪಠ್ಯ) ಖಾಲಿಯಲ್ಲ ತಾನೇ? ಖಾಲಿಯಲ್ಲದ ಸ್ಟ್ರಿಂಗ್ ನಿಜ. ಮುಗಿಯಿತು. ಎರಡೂ ಕಡೆ ಬಣ್ಣ == ಬರೆಯಲೇಬೇಕು.

ಬಣ್ಣ != "ಕೆಂಪು" || ಬಣ್ಣ != "ನೀಲಿ"

ಯಾವ ಬಣ್ಣವೂ ಒಟ್ಟಿಗೇ ಕೆಂಪು ಮತ್ತು ನೀಲಿ ಆಗುವುದಿಲ್ಲ. ಆದ್ದರಿಂದ ಎರಡರಲ್ಲಿ ಒಂದು ಯಾವಾಗಲೂ ನಿಜ. ಇಲ್ಲಿ ಬೇಕಿದ್ದದ್ದು &&. "ಇದೂ ಅಲ್ಲ, ಅದೂ ಅಲ್ಲ" ಅನ್ನುವ ಕಡೆ "ಅಥವಾ" ಬಂದಿದ್ದರೆ ತಕ್ಷಣ ಅನುಮಾನಿಸಿ.

1 < ಅಂಕ < 10

ಗಣಿತದಲ್ಲಿ ಸರಿ, ಪೈಥಾನ್‌ನಲ್ಲೂ ಸರಿ. ಸಿ ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ ಮೊದಲು 1 < ಅಂಕ ಲೆಕ್ಕವಾಗಿ ಉತ್ತರ 0 ಅಥವಾ 1 ಎಂದಾಗುತ್ತದೆ, ಆಮೇಲೆ ಆ 0 ಅಥವಾ 1 ಹತ್ತಕ್ಕಿಂತ ಚಿಕ್ಕದೇ ಎಂದು ಕೇಳುತ್ತದೆ. ಚಿಕ್ಕದೇ, ಅಲ್ವಾ? ಜಾವಾ ಇದನ್ನು ಕಂಪೈಲ್ ಮಾಡುವಾಗಲೇ ತಡೆಯುತ್ತದೆ.

ಸ್ಥಿತಿ = "ಮುಗಿದಿದೆ" ? 1 : 2

ಒಂದೇ = ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ ಇದು ಹೋಲಿಕೆ ಮಾಡುವುದಿಲ್ಲ. ಮೇಲಿಂದ ಸ್ಥಿತಿ ಎಂಬ ವೇರಿಯಬಲ್‌ನಲ್ಲಿ ಮೊದಲಿದ್ದದ್ದೂ ಹೋಗಿ 1 ಬಂದು ಕೂರುತ್ತದೆ. ಹಾಗಾಗಿ ಈ ಸಾಲಿನ ನಂತರ ಬೇರೆ ಕಡೆಯೂ ವಿಚಿತ್ರ ಕಾಣಿಸಿಕೊಂಡರೆ ಇದನ್ನೇ ಮೊದಲು ನೋಡಿ. ಸ್ಪ್ರೆಡ್‌ಶೀಟ್ ಮತ್ತು ಎಸ್‌ಕ್ಯೂಎಲ್‌ನಲ್ಲಿ ಒಂದೇ = ಹೋಲಿಕೆಯ ಚಿಹ್ನೆ, ಅಲ್ಲಿಂದ ಬಂದವರಿಗೆ ಕೈ ಅಭ್ಯಾಸ ಬಿಡುವುದಿಲ್ಲ.

ಇನ್ನೊಂದು, "ಫಾಲ್ಸ್" ಎಂಬ ಪದ. ಫಾರ್ಮ್, ಎನ್ವಿರಾನ್ಮೆಂಟ್ ವೇರಿಯಬಲ್, ಕಾನ್ಫಿಗ್ ಫೈಲ್ ಇವುಗಳಿಂದ ಬರುವ ಫಾಲ್ಸ್ ಬಹಳ ಸಲ ಸ್ಟ್ರಿಂಗ್ ಆಗಿರುತ್ತದೆ. ಇಂಗ್ಲಿಷಿನ ಆ ಐದು ಅಕ್ಷರದ ಸ್ಟ್ರಿಂಗ್ ಖಾಲಿಯಲ್ಲ, ಆದ್ದರಿಂದ ನಿಜ. ಕೋಡ್‌ನ ಟೆಸ್ಟ್ ಇತ್ಯಾದಿಗಳನ್ನು ತಾನೇ ಓಡಿಸುವ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಹಿಂದಿನ ಹಂತದ ಔಟ್‌ಪುಟ್‌ಗಳು ಸ್ಟ್ರಿಂಗ್ ಆಗೇ ಬರುತ್ತವೆ, ಅದಕ್ಕೇ ಅಲ್ಲಿ == 'ಟ್ರೂ' ಎಂದು ಸ್ಪಷ್ಟವಾಗಿ ಹೋಲಿಸಬೇಕು. ಅಲ್ಲೇ ಇನ್ನೊಂದು ಗುಂಡಿ ಇದೆ: ಇಫ್ ಮುಂದೆ ಡಾಲರ್ ಮತ್ತು ಜೋಡಿ ಬ್ರೇಸ್ ಹಾಕಿ ಎಕ್ಸ್‌ಪ್ರೆಶನ್ ಬರೆದು, ಅದರ ಒಂದು ತುಂಡು ಬ್ರೇಸ್ ಹೊರಗೆ ಉಳಿದುಬಿಟ್ಟರೆ ಇಡೀ ಸಾಲು ಬರೀ ಪಠ್ಯವಾಗುತ್ತದೆ, ಪಠ್ಯ ಎಂದರೆ ನಿಜ.

ಯಾವಾಗಲೂ ಸುಳ್ಳಾಗುತ್ತಿದ್ದರೆ ಎಸ್‌ಕ್ಯೂಎಲ್‌ನಲ್ಲಿ = ನಲ್ ಎಂದು ಬರೆದಿದ್ದೀರಾ ನೋಡಿ. ನಲ್ ಜೊತೆ = ಹಾಕಿದ ಹೋಲಿಕೆಗೆ ನಿಜವೂ ಅಲ್ಲದ, ಸುಳ್ಳೂ ಅಲ್ಲದ ಮೂರನೇ ಉತ್ತರ ಬರುತ್ತದೆ. ಕೇಸ್ ಅದನ್ನು ನಿಜ ಎಂದು ಒಪ್ಪುವುದಿಲ್ಲ. ಈಸ್ ನಲ್ ಎಂದೇ ಕೇಳಬೇಕು. ಎಲ್ಸ್ ಬರೆಯದ ಕೇಸ್‌ನಲ್ಲಿ ಯಾವುದೂ ಹೊಂದದಿದ್ದರೆ ಉತ್ತರವೂ ನಲ್ ಆಗುತ್ತದೆ, ವರದಿಯಲ್ಲಿ ಖಾಲಿ ಕೋಶ ಕಾಣುವುದಕ್ಕೆ ಇದೇ ಸಾಮಾನ್ಯ ಕಾರಣ. ಸಿ ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ ಫ್ಲಾಗ್ & 1 == 0 ಎಂದು ಬರೆದರೂ ಇದೇ ಗತಿ. ಅಲ್ಲಿ == ಮೊದಲು ಹಿಡಿಯುತ್ತದೆ, ಬಿಟ್‌ಗಳ ಮೇಲೆ ಕೆಲಸ ಮಾಡುವ ಒಂಟಿ & ಆಮೇಲೆ. 1 == 0 ಸುಳ್ಳು, ಅದರ ಜೊತೆ & ಮಾಡಿದರೆ ಸೊನ್ನೆ. ಬ್ರಾಕೆಟ್ ಹಾಕಿ: (ಫ್ಲಾಗ್ & 1) == 0.

## ಉತ್ತರದ ಹಿಂದಿದ್ದ ಪಠ್ಯವೇ ಮಾಯ

"ಸ್ಟಾಕ್: ಲಭ್ಯ" ಎಂದು ಬರಬೇಕಿತ್ತು, ಬರೀ "ಖಾಲಿ" ಬಂತು. ಸ್ಟಾಕ್ ಇದ್ದರೂ ಖಾಲಿ. ಈ ಲಕ್ಷಣ ಕಂಡರೆ ಬೇರೇನೂ ಹುಡುಕಬೇಡಿ, ಇದು ಆಪರೇಟರ್‌ಗಳ ಆದ್ಯತೆಯ ಸಮಸ್ಯೆ.

"ಸ್ಟಾಕ್: " + ಸಂಖ್ಯೆ > 0 ? "ಲಭ್ಯ" : "ಖಾಲಿ"

ಜಾವಾಸ್ಕ್ರಿಪ್ಟ್‌ನಲ್ಲಿ + ಮೊದಲು, > ಆಮೇಲೆ, ? ಎಲ್ಲಕ್ಕಿಂತ ತಡ. ಅಂದರೆ "ಸ್ಟಾಕ್: 5" ಎಂಬ ಸ್ಟ್ರಿಂಗ್ ಸೊನ್ನೆಗಿಂತ ದೊಡ್ಡದೇ ಎಂದು ಕೇಳಿದಂತಾಯಿತು. ಸ್ಟ್ರಿಂಗ್ ಅನ್ನು ಸಂಖ್ಯೆ ಮಾಡಲು ಆಗದೆ ಉತ್ತರ ಸುಳ್ಳು. ಪಠ್ಯವೆಲ್ಲ ಷರತ್ತಿನೊಳಗೇ ಕರಗಿಹೋಯಿತು. ಸರಿಯಾದ ರೂಪ:

"ಸ್ಟಾಕ್: " + (ಸಂಖ್ಯೆ > 0 ? "ಲಭ್ಯ" : "ಖಾಲಿ")

ಪೈಥಾನ್‌ನಲ್ಲೂ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಅಲ್ಲಿ ಇಫ್‌ನ ಎಡಕ್ಕಿರುವುದೆಲ್ಲ, + ಸಮೇತ, ಒಂದೇ ಉತ್ತರ ಎಂದು ಲೆಕ್ಕ. ಷರತ್ತು ಸುಳ್ಳಾದಾಗ ಎಡಗಡೆಯ ಪಠ್ಯವೂ ಸೇರಿ ಹೋಗುತ್ತದೆ. ನನ್ನ ಮಟ್ಟಿಗೆ ಟರ್ನರಿಯನ್ನು ದೊಡ್ಡ ಸಾಲಿನ ನಡುವೆ ಬಳಸಿದಾಗಲೆಲ್ಲ ಅದರ ಸುತ್ತ ಬ್ರಾಕೆಟ್ ಹಾಕುವುದು ನಿಯಮವೇ ಆಗಬೇಕು, ಭಾಷೆಗೆ ಬೇಕಿರಲಿ ಬೇಡದಿರಲಿ. ಓದುವ ಮನುಷ್ಯನಿಗೆ ಬೇಕು. ಹಾಗೆಯೇ && ಮತ್ತು || ಒಂದೇ ಸಾಲಿನಲ್ಲಿದ್ದರೂ ಬ್ರಾಕೆಟ್ ಹಾಕಿ, ಏಕೆಂದರೆ && ಮೊದಲು ಹಿಡಿಯುತ್ತದೆ ಎಂಬುದು ಓದುವ ಭರದಲ್ಲಿ ನೆನಪಿಗೆ ಬರುವುದಿಲ್ಲ.

## ಎಲ್ಲ ಸರಿ, ಕೆಲವು ಸಾಲಿಗೆ ಮಾತ್ರ ತಪ್ಪು

ಎಕ್ಸ್‌ಪ್ರೆಶನ್ ಸರಿ ಇದೆ, ಡೇಟಾ ಬೇರೆ ಥರ ಇದೆ. ತಪ್ಪಾದ ಸಾಲನ್ನೂ ಸರಿಯಾದ ಒಂದು ಸಾಲನ್ನೂ ಅಕ್ಕಪಕ್ಕ ಇಟ್ಟು, ವ್ಯಾಲ್ಯೂ ಜೊತೆ ಅದರ ಟೈಪ್ ಮತ್ತು ಉದ್ದವನ್ನೂ ಪ್ರಿಂಟ್ ಮಾಡಿ. ಬರೀ ವ್ಯಾಲ್ಯೂ ನೋಡಿದರೆ ಸಾಲದು.

ಉದ್ದ ಒಂದು ಜಾಸ್ತಿ ಬಂದರೆ ಕೊನೆಯಲ್ಲೋ ಮೊದಲಲ್ಲೋ ಸ್ಪೇಸ್ ಇದೆ. ಟ್ರಿಮ್ ಮಾಡಿ. ಟ್ರಿಮ್ ಮಾಡಿಯೂ ಹೋಗದಿದ್ದರೆ ಅದು ಕಾಣದ ಬೇರೆ ಅಕ್ಷರ ಇರಬಹುದು.

ಸಂಖ್ಯೆ ಸ್ಟ್ರಿಂಗ್ ಆಗಿ ಬಂದಿದ್ದರೆ ಹೋಲಿಕೆ ಅಕ್ಷರದ ಲೆಕ್ಕದಲ್ಲಿ ನಡೆಯುತ್ತದೆ. "10" ಮತ್ತು "9" ಎರಡೂ ಸ್ಟ್ರಿಂಗ್ ಆದರೆ "10" ಚಿಕ್ಕದು, ಯಾಕೆಂದರೆ 1 ಎಂಬ ಅಕ್ಷರ 9ಕ್ಕಿಂತ ಮೊದಲು ಬರುತ್ತದೆ. ಒಂದಂಕಿಯ ಸಂಖ್ಯೆಗಳಿಗೆ ಎಲ್ಲ ಸರಿ ಇದ್ದು ಎರಡಂಕಿ ಬಂದ ಕೂಡಲೇ ಕೆಟ್ಟರೆ ಇದೇ ಕಾರಣ. ಕನ್ನಡ ಅಂಕಿಗಳಿದ್ದರೆ ಇನ್ನೂ ಜಾಗ್ರತೆ ಬೇಕು: "೧೮" ಅನ್ನು ಪೈಥಾನ್‌ನ ಇಂಟ್ 18 ಎಂದೇ ಓದುತ್ತದೆ, ಜಾವಾಸ್ಕ್ರಿಪ್ಟ್‌ನ ನಂಬರ್ ಅದನ್ನು ಸಂಖ್ಯೆಯೇ ಅಲ್ಲ ಎನ್ನುತ್ತದೆ.

ಕನ್ನಡ ಪಠ್ಯ ಹೋಲಿಸುವವರಿಗೆ ಇದು ಗೊತ್ತಿರಲೇಬೇಕು. "ಕೊ" ಎಂಬ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಒತ್ವದ ಚಿಹ್ನೆಯನ್ನು ಒಂದೇ ಕೋಡ್ ಆಗಿ, ಅಥವಾ ಎತ್ವ ಮತ್ತು ಊತ್ವ ಎರಡು ಕೋಡ್ ಸೇರಿಸಿ. ಪರದೆ ಮೇಲೆ ಒಂದೇ ಥರ ಕಾಣುತ್ತದೆ. == ಗೆ ಮಾತ್ರ ಅವು ಬೇರೆ ಬೇರೆ ಪದ. ದೀರ್ಘದ ಚಿಹ್ನೆಗಳಿಗೂ ಇದೇ ಪಾಡು. ಎರಡೂ ಕಡೆಯ ಪಠ್ಯವನ್ನು ಒಂದೇ ಯೂನಿಕೋಡ್ ನಾರ್ಮಲೈಸ್ ರೂಪಕ್ಕೆ ತಂದು ಹೋಲಿಸಿ. ಅರ್ಕಾವೊತ್ತು, ಅರ್ಧಾಕ್ಷರ ಬಿಡಿಸಲು ಹಾಕುವ ಕಣ್ಣಿಗೆ ಕಾಣದ ಶೂನ್ಯ ಅಗಲದ ಜೋಡಕ ಅಕ್ಷರಗಳು ನಾರ್ಮಲೈಸ್ ಮಾಡಿದರೂ ಉಳಿಯುತ್ತವೆ, ಅವನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ದಶಮಾಂಶ ಇದ್ದರೆ == ಬೇಡ. 0.1 + 0.2 == 0.3 ಹೆಚ್ಚಿನ ಭಾಷೆಗಳಲ್ಲಿ ಸುಳ್ಳು, ಯಾಕೆಂದರೆ ಬೈನರಿಯಲ್ಲಿ ಆ ಸಂಖ್ಯೆಗಳು ಪೂರ್ತಿಯಾಗಿ ಕೂರುವುದಿಲ್ಲ. ವ್ಯತ್ಯಾಸ ತೀರಾ ಚಿಕ್ಕದೇ ಎಂದು ಕೇಳಿ.

## ಸೊನ್ನೆ ಕೊಟ್ಟರೆ ಡಿಫಾಲ್ಟ್ ಬರುತ್ತದೆ

ಬಳಕೆದಾರ ಬೇಕೆಂದೇ 0 ಹಾಕಿದ್ದಾನೆ. ಪರದೆಯಲ್ಲಿ 10 ಕಾಣುತ್ತಿದೆ. ಎಲ್ಲೋ ಮಿತಿ || 10 ಎಂದು ಬರೆದಿರುತ್ತೀರಿ. ಜಾವಾಸ್ಕ್ರಿಪ್ಟ್‌ಗೆ 0, ಖಾಲಿ ಸ್ಟ್ರಿಂಗ್, ಫಾಲ್ಸ್, ನಲ್ ಎಲ್ಲವೂ "ಇಲ್ಲ" ಎಂಬ ಒಂದೇ ಬುಟ್ಟಿ. 2020ರ ಆವೃತ್ತಿಯಲ್ಲಿ ಬಂದ ?? ನಲ್ ಮತ್ತು ಅನ್‌ಡಿಫೈನ್ಡ್ ಇದ್ದಾಗ ಮಾತ್ರ ಡಿಫಾಲ್ಟ್ ಕೊಡುತ್ತದೆ. ಅದಕ್ಕೆ ಬದಲಿಸಿ.

ಷರತ್ತು && ಒಂದು || ಎರಡು ಎಂದು ಟರ್ನರಿ ಇಲ್ಲದ ಕಡೆ ಬಳಸುವ ಉಪಾಯವೂ ಇಲ್ಲೇ ಸಿಕ್ಕಿಬೀಳುತ್ತದೆ. ನಡುವಿನ ವ್ಯಾಲ್ಯೂ 0 ಅಥವಾ ಖಾಲಿ ಆದರೆ, ಷರತ್ತು ನಿಜವಾದರೂ ಎರಡನೆಯದೇ ಬರುತ್ತದೆ. ಷರತ್ತನ್ನು ತಿರುಗಿಸಿ, ಖಾಲಿ ಆಗಲಾರದ ವ್ಯಾಲ್ಯೂವನ್ನು ನಡುವೆ ಇಡಿ.

ಎಲ್ವಿಸ್ ಆಪರೇಟರ್ ಎನ್ನುವ ?: ಬಗ್ಗೆ ಒಂದು ಎಚ್ಚರ. ಚಿಹ್ನೆ ಒಂದೇ, ನಡತೆ ಬೇರೆ ಬೇರೆ. ಕಾಟ್ಲಿನ್‌ನಲ್ಲಿ ನಲ್ ಇದ್ದರೆ ಮಾತ್ರ ಬಲಗಡೆಗೆ ಹೋಗುತ್ತದೆ. ಪಿಎಚ್‌ಪಿ ಮತ್ತು ಗ್ರೂವಿಯಲ್ಲಿ 0 ಮತ್ತು ಖಾಲಿ ಸ್ಟ್ರಿಂಗ್ ಇದ್ದರೂ ಹೋಗುತ್ತದೆ. ಸ್ಪ್ರಿಂಗ್‌ನ ಎಕ್ಸ್‌ಪ್ರೆಶನ್ ಲ್ಯಾಂಗ್ವೇಜ್‌ನಲ್ಲಿ ನಲ್ ಜೊತೆ ಖಾಲಿ ಸ್ಟ್ರಿಂಗ್ ಕೂಡ ಇಲ್ಲದ್ದು ಎಂದೇ ಲೆಕ್ಕ. ಒಂದು ಭಾಷೆಯಿಂದ ಇನ್ನೊಂದಕ್ಕೆ ಸಾಲನ್ನು ಹೊತ್ತೊಯ್ದಾಗ ಇದು ಸದ್ದಿಲ್ಲದೆ ಕೆಡುತ್ತದೆ. ಸೊನ್ನೆ "ನಿಜ" ಆಗಿರುವ ರೂಬಿಯಂಥ ಭಾಷೆಯೂ ಇದೆ.

## ಸರಣಿ ಟರ್ನರಿಯಲ್ಲಿ ಮೇಲಿನ ದರ್ಜೆ ಬರುವುದೇ ಇಲ್ಲ

ಅಂಕ > 90 ? "ಎ" : ಅಂಕ > 60 ? "ಬಿ" : "ಸಿ"

95ಕ್ಕೆ "ಬಿ" ಬಂತೇ? ಮೊದಲು ಷರತ್ತುಗಳ ಕ್ರಮ ನೋಡಿ. 60ರ ಷರತ್ತನ್ನು ಮೊದಲು ಬರೆದಿದ್ದರೆ 95 ಅಲ್ಲೇ ನಿಂತುಬಿಡುತ್ತದೆ. ಕಠಿಣವಾದ ಷರತ್ತು ಮೊದಲು ಬರಬೇಕು. ಕ್ರಮ ಸರಿ ಇದ್ದರೂ "ಬಿ" ಬರುತ್ತಿದ್ದರೆ ನೀವು ಹಳೆಯ ಪಿಎಚ್‌ಪಿಯಲ್ಲಿ ಇದ್ದೀರಿ. ಅಲ್ಲಿ ಟರ್ನರಿ ಎಡದಿಂದ ಗುಂಪಾಗುತ್ತಿತ್ತು: ಮೊದಲ ಟರ್ನರಿಯ ಉತ್ತರವಾದ "ಎ" ಎಂಬುದೇ ಎರಡನೆಯದರ ಷರತ್ತಾಗಿ, ಅದು ಖಾಲಿಯಲ್ಲದ್ದರಿಂದ ನಿಜವಾಗಿ, "ಬಿ" ಬರುತ್ತಿತ್ತು. ಸಿ, ಜಾವಾ, ಜಾವಾಸ್ಕ್ರಿಪ್ಟ್‌ಗಳು ಬಲದಿಂದ ಗುಂಪು ಮಾಡುತ್ತವೆ, ಅದಕ್ಕೇ ಅಲ್ಲಿ ಇದೇ ಸಾಲು ಸರಿ. ಪಿಎಚ್‌ಪಿ 7.4ರಲ್ಲಿ ಈ ರೂಪಕ್ಕೆ ಎಚ್ಚರಿಕೆ ಬಂತು, 8.0ರಲ್ಲಿ ಎರರ್ ಆಯಿತು.

ಎಕ್ಸೆಲ್‌ನಲ್ಲಿ ಇಫ್ ಒಳಗೆ ಇಫ್ ಎಂದು 64 ಹಂತದವರೆಗೆ ಹೋಗಬಹುದು. ಹೋಗಬಹುದು ಅಂದಮಾತ್ರಕ್ಕೆ ಹೋಗಬೇಡಿ. ಮೂರು ದಾಟಿದರೆ ಒಂದು ಚಿಕ್ಕ ಪಟ್ಟಿ ಮಾಡಿ ಅದರಲ್ಲಿ ಹುಡುಕುವುದು ವಾಸಿ, ಪಟ್ಟಿಯಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ.

## ತಡೆ ಹಾಕಿದ್ದರೂ ಭಾಗಾಕಾರದ ಎರರ್, ನಲ್ ಎರರ್

ಭಾಜಕ ಸೊನ್ನೆಯಾದರೆ ಭಾಗಿಸಬೇಡ ಎಂದು ಷರತ್ತು ಹಾಕಿದ್ದೀರಿ. ಆದರೂ ಸೊನ್ನೆಯಿಂದ ಭಾಗಿಸಿದ ಎರರ್. ಅಂದರೆ ಆರಿಸದ ಭಾಗವೂ ಲೆಕ್ಕವಾಗುತ್ತಿದೆ. ನಿಜವಾದ ಟರ್ನರಿ ಒಂದೇ ಭಾಗವನ್ನು ಲೆಕ್ಕ ಮಾಡುತ್ತದೆ. ಎಕ್ಸೆಲ್ ಮ್ಯಾಕ್ರೋಗಳ ಭಾಷೆಯಾದ ವಿಬಿಎಯ ಐಐಫ್ ಬರೀ ಫಂಕ್ಷನ್, ಆದ್ದರಿಂದ ಅದನ್ನು ಕರೆಯುವ ಮೊದಲೇ ಎರಡೂ ಭಾಗ ಲೆಕ್ಕವಾಗುತ್ತವೆ. ನೀವೇ ಬರೆದ ಸಹಾಯಕ ಫಂಕ್ಷನ್‌ಗಳೂ ಅಷ್ಟೇ. ಸಾಮಾನ್ಯ ಇಫ್ ಬ್ಲಾಕ್‌ಗೆ ಬದಲಿಸಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಕೇಸ್ ಒಳಗಿನ ಸಮ್, ಮಿನ್ ಥರದ ಒಟ್ಟು ಲೆಕ್ಕಗಳು ಕೇಸ್‌ಗಿಂತ ಮೊದಲೇ ನಡೆಯುತ್ತವೆ, ಅಲ್ಲಿ ಕೇಸ್ ಅವುಗಳಿಗೆ ತಡೆಯಾಗಲಾರದು. ಬೇಡದ ಸಾಲುಗಳನ್ನು ವೇರ್‌ನಲ್ಲೇ ಸೋಸಿ.

ಜಾವಾದಲ್ಲಿ ಇನ್ನೊಂದು ಇದೆ. ಷರತ್ತು ? 0 : ಎಣಿಕೆ ಎಂಬ ಸಾಲಿನಲ್ಲಿ ಎಣಿಕೆ ಇಂಟಿಜರ್ ಆಬ್ಜೆಕ್ಟ್ (ನಲ್ ಆಗಬಲ್ಲ ಸಂಖ್ಯೆ) ಆಗಿದ್ದು, ಆ ಭಾಗ ಆಯ್ಕೆಯಾದಾಗ ಅದು ನಲ್ ಇದ್ದರೆ ನಲ್ ಪಾಯಿಂಟರ್ ಎರರ್. ಒಂದು ಕಡೆ ಇಂಟ್ (ನಲ್ ಆಗಲಾರದ ಬರೀ ಸಂಖ್ಯೆ) ಇರುವುದರಿಂದ ಇನ್ನೊಂದನ್ನೂ ಇಂಟ್ ಮಾಡಲು ಹೋಗಿ ಒಡೆಯುತ್ತದೆ. ಆಬ್ಜೆಕ್ಟ್‌ನ ಒಳಗಿನದನ್ನು ಕರೆಯುವ ಚುಕ್ಕೆ ಒಂದೂ ಸಾಲಿನಲ್ಲಿ ಇಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಇದೇ ನಿಯಮದಿಂದ ಷರತ್ತು ? 1 : 2.0 ಎಂಬುದು 1 ಬದಲು 1.0 ಕೊಡುತ್ತದೆ. ಟೆರಾಫಾರ್ಮ್‌ನಲ್ಲೂ ಎರಡು ಭಾಗ ಒಂದೇ ಟೈಪ್ ಆಗಬೇಕು, ಸಂಖ್ಯೆ ಮತ್ತು ಸ್ಟ್ರಿಂಗ್ ಕೊಟ್ಟರೆ ಸಂಖ್ಯೆಯನ್ನು ಅದು ಸ್ಟ್ರಿಂಗ್ ಮಾಡಿಕೊಳ್ಳುತ್ತದೆ. ಎರಡೂ ಕಡೆ ಒಂದೇ ಟೈಪ್ ಇಡಿ.

ಎರರ್ ಕಾಣದಂತೆ ಸ್ಪ್ರೆಡ್‌ಶೀಟ್‌ನ ಇಫ್‌ಎರರ್ ಸುತ್ತಿ ಮುಚ್ಚಬೇಡಿ. ಕಾರಣ ಸಿಕ್ಕಿದ ಮೇಲೆ ಬೇಕಿದ್ದರೆ ಹಾಕಿ.

## ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ಯಾರಿಗೆ ಪ್ರವೇಶ ಇದೆ, ಯಾರಿಗೆ ಎಷ್ಟು ಹಣ, ಯಾವ ದಾಖಲೆ ಅಳಿಯಬೇಕು ಎಂದು ನಿರ್ಧರಿಸುವ ಷರತ್ತಾದರೆ ಒಬ್ಬರೇ ಸರಿಪಡಿಸಿ ಹಾಕಬೇಡಿ. ಇನ್ನೊಬ್ಬರಿಗೆ ತೋರಿಸಿ.

ಬಳಕೆದಾರ ಟೈಪ್ ಮಾಡಿದ ಪಠ್ಯ ಎಕ್ಸ್‌ಪ್ರೆಶನ್ ಆಗಿ ಓಡುತ್ತಿದೆ ಎಂದು ಹುಡುಕುವಾಗ ಕಂಡರೆ, ಉಳಿದದ್ದೆಲ್ಲ ಬಿಟ್ಟು ಅದನ್ನು ಭದ್ರತೆ ನೋಡಿಕೊಳ್ಳುವವರಿಗೆ ಹೇಳಿ. 2017ರಲ್ಲಿ ಜಾವಾದ ವೆಬ್ ಚೌಕಟ್ಟಾದ ಅಪಾಚೆ ಸ್ಟ್ರಟ್ಸ್‌ನಲ್ಲಿ ಹೊರಬಂದ ಸಿವಿಇ-2017-5638 ಎಂಬ ಭದ್ರತಾ ದೋಷ ಇದೇ ಜಾತಿಯದು: ವೆಬ್ ವಿನಂತಿಯ ಹೆಡರ್‌ನಲ್ಲಿ ಬಂದ ಪಠ್ಯ ಎಕ್ಸ್‌ಪ್ರೆಶನ್ ಆಗಿ ಓಡಿ, ದೂರದಿಂದಲೇ ಸರ್ವರ್ ಮೇಲೆ ಆದೇಶ ನಡೆಸಲು ದಾರಿಯಾಯಿತು. ಪರೀಕ್ಷೆಗೆಂದು ಪಠ್ಯವನ್ನು ಕೋಡ್ ಆಗಿ ಓಡಿಸುವ ಇವಾಲ್ ಹಾಕಿ ಮರೆತುಬಿಡುವುದೂ ಬೇಡ.

ಬ್ರಾಕೆಟ್ ಹಾಕಿ, ಷರತ್ತು ಬೇರೆ ಮಾಡಿ, ಟೈಪ್ ಪ್ರಿಂಟ್ ಮಾಡಿ ಎಲ್ಲ ನೋಡಿಯೂ ಅದೇ ಎಕ್ಸ್‌ಪ್ರೆಶನ್ ಒಂದು ಮಷೀನ್‌ನಲ್ಲಿ ಒಂದು ಉತ್ತರ, ಇನ್ನೊಂದರಲ್ಲಿ ಬೇರೆ ಉತ್ತರ ಕೊಟ್ಟರೆ ಆವೃತ್ತಿ ಬೇರೆ ಇರಬಹುದು. ಕೇಳುವಾಗ ಇಡೀ ಫೈಲ್ ಕಳಿಸಬೇಡಿ. ವೇರಿಯಬಲ್ ತೆಗೆದು ನೇರ ವ್ಯಾಲ್ಯೂ ಹಾಕಿದ ಒಂದು ಸಾಲು, ಬಂದ ಉತ್ತರ, ಬರಬೇಕಿದ್ದ ಉತ್ತರ, ಭಾಷೆಯ ಮತ್ತು ಎಂಜಿನ್‌ನ ಆವೃತ್ತಿ ಇಷ್ಟು ಕೊಡಿ. ಪಾಸ್‌ವರ್ಡ್, ಟೋಕನ್, ಜನರ ಹೆಸರು ಇದ್ದರೆ ಕಳಿಸುವ ಮೊದಲು ತೆಗೆಯಿರಿ. ಆ ಒಂದು ಸಾಲನ್ನು ತಯಾರು ಮಾಡುವಾಗಲೇ ತಪ್ಪು ಕಣ್ಣಿಗೆ ಬಿದ್ದರೆ, ಆ ಸಾಲನ್ನು ಟೆಸ್ಟ್ ಆಗಿ ಸೇರಿಸಿಡಿ: ಷರತ್ತು ನಿಜವಾಗುವ ಒಂದು ವ್ಯಾಲ್ಯೂ, ಸುಳ್ಳಾಗುವ ಒಂದು, ಸರಿಯಾಗಿ ಗಡಿಯ ಮೇಲೆ ಕೂರುವ ಒಂದು, ಮತ್ತು ನಲ್.